ಎಲೆಕ್ಟ್ರಾನ್‌ಗಳಿಂದ ಪ್ಲಾಸ್ಟಿಕ್ ಮೇಲೆ ಚಿತ್ರ ಬರೆಯೋದು ಹೇಗೆ?

ತುಮಕೂರಿನ ಹಳೇ ಟಿವಿ ರಿಪೇರಿ ಅಂಗಡಿಗಳಲ್ಲಿ ಈಗ್ಲೂ ಮೂಲೇಲಿ ಒಂದೆರಡು ಡಬ್ಬಾ ಟಿವಿ ಸಿಗಬಹುದು, ಅದರ ಪಿಕ್ಚರ್ ಟ್ಯೂಬಿನ ಕುತ್ತಿಗೇಲಿ ಇರೋದೇ ಎಲೆಕ್ಟ್ರಾನ್ ಗನ್, ಅಂದ್ರೆ ಎಲೆಕ್ಟ್ರಾನ್‌ಗಳನ್ನ ಕಿರಣದ ಹಾಗೆ ಚಿಮ್ಮಿಸೋ ಭಾಗ. ಆ ಗನ್ ಮುಂದೆ ಗಾಜಿನ ಬದ್ಲು ಪ್ಲಾಸ್ಟಿಕ್ ಫಿಲ್ಮ್ ಓಡಿಸಿದ್ರೆ? ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಗ್ಲೆನ್ ಇದನ್ನೇ ಮಾಡಿ 1959ರಲ್ಲಿ ಪ್ರಕಟಿಸಿದ್ರು, ಹೆಸರು ಥರ್ಮೋಪ್ಲಾಸ್ಟಿಕ್ ರೆಕಾರ್ಡಿಂಗ್. (ಮನೇಲಿ ಹಳೇ ಟಿವಿ ಬಿಚ್ಚಿ ನೋಡೋಕೆ ಮಾತ್ರ ಹೋಗ್ಬೇಡಿ, ಪ್ಲಗ್ ಕಿತ್ತ ಮೇಲೂ ಟ್ಯೂಬಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತೆ.)

ಮೊದ್ಲು ಫಿಲ್ಮ್ ರೆಡಿ ಮಾಡ್ಕೋಬೇಕು, ಮೂರು ಪದರ. ಕೆಳಗೆ ಶಾಖ ತಡೆಯೋ ಪ್ಲಾಸ್ಟಿಕ್, ಅದರ ಮೇಲೆ ಕರೆಂಟ್ ಹರಿಯೋ ತೆಳು ಪಾರದರ್ಶಕ ಲೇಪ, ಎಲ್ಲಕ್ಕಿಂತ ಮೇಲೆ ಬಿಸಿಗೆ ಬೇಗ ಮೆತ್ತಗಾಗೋ ಪ್ಲಾಸ್ಟಿಕ್. ಇದನ್ನ ಗಾಳಿ ತೆಗೆದ ಪೆಟ್ಟಿಗೆ ಒಳಗಿಟ್ಟು ಗನ್ ಆನ್ ಮಾಡಿದ್ರೆ, ಟಿವಿ ಚಿತ್ರದ ಸಿಗ್ನಲ್‌ಗೆ ತಕ್ಕಂತೆ ಫಿಲ್ಮ್ ಮೇಲೆ ಗೆರೆ ಗೆರೆಯಾಗಿ ಚಾರ್ಜ್ ಕೂರುತ್ತೆ. ಗಾಳಿ ಇದ್ರೆ ಎಲೆಕ್ಟ್ರಾನ್‌ಗಳು ಅದಕ್ಕೇ ಡಿಕ್ಕಿ ಹೊಡೆದು ಚೆದುರಿಹೋಗ್ತವೆ.

ಈಗ ಕಣ್ಣಿಗೆ ಏನೂ ಕಾಣಲ್ಲ, ಬರೆದಿದ್ದು ಇನ್ನೂ ಬರೀ ಚಾರ್ಜು. ನನಗೆ ತುಂಬಾ ಇಷ್ಟವಾದ ಹಂತ ಮುಂದಿನದು. ಪೋಸ್ಟ್ ಆಫೀಸಲ್ಲಿ ಅರಗು ಕಾಯಿಸಿ ಸೀಲ್ ಒತ್ತೋದು ನೋಡಿದೀರಲ್ವಾ, ಮೆತ್ತಗಿದ್ದಾಗ ಬಿದ್ದ ಅಚ್ಚು ಆರಿದ ಮೇಲೆ ಹಾಗೇ ಗಟ್ಟಿಯಾಗುತ್ತೆ, ಇಲ್ಲೂ ಅಷ್ಟೇ, ಆದ್ರೆ ಒತ್ತೋಕೆ ಸೀಲ್ ಬೇಡ, ಚಾರ್ಜೇ ಒತ್ತುತ್ತೆ. ಮಧ್ಯದ ಲೇಪಕ್ಕೆ ಹೈ ಫ್ರೀಕ್ವೆನ್ಸಿ ಕರೆಂಟಿಂದ ಬಿಸಿ ಕೊಟ್ಟ ಕೂಡ್ಲೇ ಮೇಲಿನ ಪದರ ಮೆತ್ತಗಾಗುತ್ತೆ, ಚಾರ್ಜು ಕೆಳಗಿನ ಲೇಪದ ಕಡೆ ಎಳೆಯುತ್ತೆ, ಚಾರ್ಜ್ ಕೂತ ಕಡೆ ಎಲ್ಲಾ ಸಣ್ಣ ಸಣ್ಣ ತಗ್ಗು ಬೀಳುತ್ತೆ. ಆರಿದ್ರೆ ಚಿತ್ರ ಫಿಕ್ಸ್. ಡೆವಲಪ್ ಮಾಡೋ ಕೆಮಿಕಲ್ಲೂ ಬೇಡ, ಡಾರ್ಕ್ ರೂಮೂ ಬೇಡ!

ನೋಡೋಕೆ ಸಾದಾ ಪ್ರೊಜೆಕ್ಟರ್ ಸಾಲಲ್ಲ, ಫಿಲ್ಮ್ ಪೂರ್ತಿ ಪಾರದರ್ಶಕ. ನೇರವಾಗಿ ಬರೋ ಬೆಳಕನ್ನ ಪಟ್ಟಿಗಳಿಂದ ಅಡ್ಡಗಟ್ಟಿ, ತಗ್ಗುಗಳಲ್ಲಿ ಬಾಗಿದ ಬೆಳಕು ಮಾತ್ರ ಪರದೆಗೆ ಹೋಗೋ ಹಾಗೆ ಲೆನ್ಸ್ ಜೋಡಿಸ್ಬೇಕು.

ಅಳಿಸೋದು ಸುಲಭ, ಇನ್ನೂ ಜಾಸ್ತಿ ಬಿಸಿ ಮಾಡಿದ್ರೆ ಚಾರ್ಜ್ ಸೋರಿಹೋಗಿ ಮೇಲ್ಮೈ ತಾನಾಗೇ ನುಣುಪಾಗುತ್ತೆ, ಅದೇ ಫಿಲ್ಮಲ್ಲಿ ಮತ್ತೆ ಬರೀಬಹುದು. ಕಷ್ಟ ಇದ್ದಿದ್ದು ಆ ಗಾಳಿ ತೆಗೆಯೋ ಕೆಲಸದಲ್ಲಿ, 1956ರಲ್ಲೇ ಬಂದಿದ್ದ ಮ್ಯಾಗ್ನೆಟಿಕ್ ವಿಡಿಯೋ ಟೇಪಿಗೆ ಆ ತಾಪತ್ರಯವೇ ಇರ್ಲಿಲ್ಲ.

ಎಲೆಕ್ಟ್ರಾನ್‌ಗಳಿಂದ ಪ್ಲಾಸ್ಟಿಕ್ ಮೇಲೆ ಬರೆಯೋದು ಹಾಗಂತ ನಿಂತಿಲ್ಲ. ನಮ್ಮೂರು ತುಮಕೂರಿಂದ ಸುಮಾರು 70 ಕಿ.ಮೀ. ದೂರದ ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ನ್ಯಾನೋ ಲ್ಯಾಬಲ್ಲಿ ಈಗ್ಲೂ ಎಲೆಕ್ಟ್ರಾನ್ ಕಿರಣದಿಂದ ಬರೀತಾರೆ. ಈ ಕೆಲಸಕ್ಕೆ ಹೆಚ್ಚಾಗಿ ಬಳಸೋದು ಪಿಎಂಎಂಎ, ಅಂದ್ರೆ ಅಕ್ರಿಲಿಕ್. ಅಲ್ಲಿ ತಗ್ಗು ಬೀಳ್ಸೋದಲ್ಲ, ಕಿರಣ ತಾಗಿದ ಕಡೆ ಪ್ಲಾಸ್ಟಿಕ್ಕಿನ ಉದ್ದನೆ ಸರಪಳಿ ತುಂಡಾಗುತ್ತೆ, ದ್ರಾವಣದಲ್ಲಿ ಅದ್ದಿದ್ರೆ ಅಷ್ಟು ಭಾಗ ಮಾತ್ರ ಕರಗಿ ಹೋಗುತ್ತೆ.