ಸೂಟ್‌ಕೇಸ್ ಮೇಲೆ ಸೀಮೆಸುಣ್ಣದ ಗೀಟು

2019ರ ಡಿಸೆಂಬರ್. ಎರಡೂವರೆ ವರ್ಷ ದುಬೈಯಲ್ಲಿದ್ದು ನಾನೂ ಹೆಂಡತಿಯೂ ಊರಿಗೆ ಬರುತ್ತಿದ್ದೆವು. ಬೆಲ್ಟಿನ ಮೇಲೆ ಸೂಟ್‌ಕೇಸ್ ಬಂತು, ಅದರ ಮೇಲೆ ಸೀಮೆಸುಣ್ಣದ ದಪ್ಪ ಗೀಟು, ತಪಾಸಣೆ ಮಾಡಬೇಕಾದ ಸಾಮಾನು ಅಂತ ಕಸ್ಟಮ್ಸ್‌ನವರು ಹಾಕಿದ ಗುರುತು. ಪಕ್ಕದಲ್ಲಿದ್ದವರು "ಹೋಯ್ತು ಬಿಡಿ, ಇವತ್ತು ನಿಮ್ಮದು ಲೇಟು" ಅಂದರು. ಹಗ್ಗ ಕಟ್ಟಿದ ಟೀವಿ ಡಬ್ಬಕ್ಕೂ ಒಂದು ಗೀಟು ಎಳೆದಿದ್ದರು, 43 ಇಂಚಿನದು, ಅದನ್ನು ಗುರುತಿಸೋಕೆ ಗೀಟು ಯಾಕೆ ಬೇಕಿತ್ತೋ! ಏರ್‌ಪೋರ್ಟ್ ಯಾವುದು ಅಂತ ಮಾತ್ರ ಕೇಳಬೇಡಿ.

ತಪ್ಪು ನನ್ನದೂ ಇತ್ತು. ಆಗ ಒಬ್ಬರಿಗೆ 50,000 ರೂಪಾಯಿವರೆಗಿನ ಸಾಮಾನಿಗೆ ಸುಂಕ ಇರಲಿಲ್ಲ. ಟೀವಿಗೆ ಕೊಟ್ಟಿದ್ದು 999 ದಿರಮ್, ಅಂದರೆ ಹತ್ತೊಂಬತ್ತು ಸಾವಿರ ಚಿಲ್ಲರೆ. ಇನ್ನೇನು ಅಂತ ಗ್ರೀನ್ ಚಾನೆಲ್‌ನಲ್ಲಿ, ಅಂದರೆ ಸುಂಕದ ಸಾಮಾನು ಇಲ್ಲದವರು ಹೋಗುವ ದಾರಿಯಲ್ಲಿ, ಟ್ರಾಲಿ ತಳ್ಳಿಕೊಂಡು ಹೊರಟೆ. ಆದರೆ ಈ ತೆಳು ಟೀವಿಗಳಿಗೆ 2013ರ ಆಗಸ್ಟ್‌ನಿಂದಲೇ ಆ ವಿನಾಯಿತಿ ಇಲ್ಲವಂತೆ. ಮೊದಲ ರೂಪಾಯಿಯಿಂದಲೇ ಸುಂಕ. 35 ಪರ್ಸೆಂಟ್, ಅದರ ಮೇಲೆ ಸರ್‌ಚಾರ್ಜ್, ಒಟ್ಟು 38.5.

ಸರಿ, ಕಟ್ಟೋಣ ಅಂದೆ. ಬಿಲ್ ತೋರಿಸಿದೆ. ಅದು ಆಫರ್ ರೇಟು, ನಡೆಯಲ್ಲ ಅಂತ ಅಧಿಕಾರಿ ತಾನೇ 30,000 ಬೆಲೆ ಹಾಕಿದ. ಸುಂಕ 11,550. ನಾನು ಮುಖ ಸಪ್ಪೆ ಮಾಡಿದ್ದು ನೋಡಿ ಸ್ವರ ತಗ್ಗಿಸಿ, "ಐದು ಸಾವಿರ ಕೊಟ್ಟು ಹೋಗಿ, ಯಾಕೆ ತಲೆನೋವು" ಅಂದ. ರಸೀದಿ? ಅದಕ್ಕೆ ಉತ್ತರ ಇಲ್ಲ.

ಅಷ್ಟರಲ್ಲಿ ಇನ್ನೊಬ್ಬರ ಕಣ್ಣು ಹೆಂಡತಿಯ ಕರಿಮಣಿ ಮೇಲೆ ಬಿತ್ತು. ಮದುವೆಯಲ್ಲಿ ಕಟ್ಟಿದ ಸರ, ಇಲ್ಲಿಂದಲೇ ಹಾಕಿಕೊಂಡು ಹೋಗಿದ್ದು. ಮೂವತ್ತೆರಡು ಗ್ರಾಂ. ವರ್ಷಕ್ಕಿಂತ ಜಾಸ್ತಿ ಹೊರಗಿದ್ದ ಹೆಂಗಸರು ಆಗ 40 ಗ್ರಾಂ ಒಡವೆ ಸುಂಕವಿಲ್ಲದೆ ತರಬಹುದಿತ್ತು, ಆದರೆ ಬೆಲೆ ಒಂದು ಲಕ್ಷ ದಾಟಬಾರದು. ಚಿನ್ನದ ರೇಟು ಏರಿ ಏರಿ ತೂಕದ ಲೆಕ್ಕ ಸುಮ್ನೆ ಹೆಸರಿಗಷ್ಟೇ ಉಳಿದಿತ್ತು, ನಮ್ಮ ಸರ ಆ ಲಕ್ಷ ದಾಟುತ್ತಿತ್ತು. ಅವಳು ಮೊಬೈಲ್‌ನಲ್ಲಿ ಮದುವೆ ಫೋಟೋ ತೆಗೆದು ತೋರಿಸಿದಳು. ಆತ ಫೋಟೋ ದೊಡ್ಡದು ಮಾಡಿ ನೋಡಿ, "ಇದೇ ಸರ ಅಂತ ಹೇಗೆ ನಂಬಲಿ?" ಅಂದ. ಅವಳಿಗೆ ಅಳುವೇ ಬಂತು. ನನಗೆ ಟೀವಿಯನ್ನು ಅಲ್ಲೇ ನೆಲಕ್ಕೆ ಎತ್ತಿ ಹಾಕುವಷ್ಟು ಸಿಟ್ಟು.

ದುಬೈಯ ರೂಮಿನಲ್ಲಿದ್ದ ಬಂಟ್ವಾಳದ ಅಣ್ಣ ಒಬ್ಬರು ಹಿಂದೊಮ್ಮೆ ಹೇಳಿದ್ದು ಆಗ ನೆನಪಾಯಿತು: ಜಗಳ ಮಾಡಬೇಡ, ಕಾಗದ ಕೇಳು. ನಾನು ಹೇಳಿದ್ದು ಇಷ್ಟೇ. "ಸಾರ್, ಬಿಲ್ ಯಾಕೆ ಒಪ್ಪಲ್ಲ ಅಂತ ಬರೆದುಕೊಡಿ. ಸರ ಇಟ್ಟುಕೊಳ್ಳುವುದಾದರೆ ತೂಕ ಬರೆದು ಡಿಟೆನ್ಷನ್ ರಸೀದಿ ಕೊಡಿ." ಸ್ವರ ಏರಿಸಲಿಲ್ಲ, ಕಾಲು ಮಾತ್ರ ನಡುಗುತ್ತಿತ್ತು. "ಹಾಗಾದರೆ ಕೂತ್ಕೊಳ್ಳಿ" ಅಂದರು. ಕೂತೆವು. ಹೊರಗೆ ಅಪ್ಪ ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಎರಡು ಗಂಟೆ ಕಳೆದು ಡ್ಯೂಟಿ ಬದಲಾಯಿತು, ಹೊಸದಾಗಿ ಬಂದವರು ಬಿಲ್ಲನ್ನೂ ಕಾರ್ಡಿನಲ್ಲಿ ದುಡ್ಡು ಕಟ್ಟಿದ ಮೆಸೇಜನ್ನೂ ಪಕ್ಕಪಕ್ಕ ಇಟ್ಟು ನೋಡಿ ಒಪ್ಪಿಕೊಂಡರು. 7,400 ಚಿಲ್ಲರೆ, ರಸೀದಿ ಸಮೇತ. ಸರದ ಕೊಂಡಿ ಸವೆದಿದ್ದನ್ನು ನೋಡಿ, ಹಳೆಯದೇ ಅಲ್ವಾ, ಹೋಗಿ ಅಂದರು. ಅದೇ ಕೌಂಟರ್, ಅದೇ ನಿಯಮ.

ಮುಂದಿನ ಸಲ ಹೊರಡುವಾಗ ಯಾವಾಗಿಗಿಂತ ಒಂದೂವರೆ ಗಂಟೆ ಮೊದಲೇ ಏರ್‌ಪೋರ್ಟಿಗೆ ಹೋದೆವು. ಕಸ್ಟಮ್ಸ್ ಕೌಂಟರ್‌ನಲ್ಲಿ ಒಡವೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್, ಅಂದರೆ ಇದು ಇಲ್ಲಿಂದಲೇ ಒಯ್ದದ್ದು ಅನ್ನುವ ಕಾಗದ, ಕೇಳಬೇಕು. ನಾವು ಊರಿನ ಚಿನ್ನದಂಗಡಿಯಿಂದ ಮೊದಲೇ ತೂಕ, ಬೆಲೆಯ ಚೀಟಿ ಬರೆಸಿಕೊಂಡಿದ್ದರಿಂದ ಕೆಲಸ ಬೇಗ ಆಯಿತು. ಅಲ್ಲಿದ್ದವರಿಗೂ ಅದು ಅಪರೂಪವೇನೋ, ಫಾರ್ಮ್ ಹುಡುಕೋಕೇ ಕಾಲು ಗಂಟೆ ಬೇಕಾಯಿತು. ಇಲ್ಲಿಂದ ಒಯ್ಯುವ ಬೆಲೆಬಾಳುವ ಕ್ಯಾಮೆರಾಗೂ ಇದನ್ನು ಮಾಡಿಸಬಹುದು. ವಾಪಸ್ ಬರುವಾಗ ಸುಂಕದ ಸಾಮಾನು ಇದ್ದರೆ ನೇರ ರೆಡ್ ಚಾನೆಲ್‌ಗೆ ಹೋಗಿ. ಗ್ರೀನ್‌ನಲ್ಲಿ ಸಿಕ್ಕಿಬಿದ್ದರೆ ಸುಂಕದ ಜೊತೆ ದಂಡವೂ ಬೀಳಬಹುದು. ಗಂಡ ಹೆಂಡತಿಯ ವಿನಾಯಿತಿ ಕೂಡಿಸಿ ಒಂದೇ ಸಾಮಾನಿಗೆ ಲೆಕ್ಕ ಹಾಕಲು ಬರುವುದಿಲ್ಲ. ಮಿತಿಗಳು ಬದಲಾಗುತ್ತಾ ಇರುತ್ತವೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ.

2022ರಲ್ಲಿ ಬಂದಾಗ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಹೆಂಡತಿ ಕೈಯಲ್ಲೇ ಹಿಡಿದುಕೊಂಡಿದ್ದಳು. ಗೀಟೂ ಇಲ್ಲ, ಪ್ರಶ್ನೆಯೂ ಇಲ್ಲ. ಹೊರಗೆ ಬಂದ ಮೇಲೆ ಅವಳೇ ಅಂದಳು, "ಒಬ್ಬರಾದರೂ ಕೇಳಬಾರದಿತ್ತಾ?"