ಪುಣೆಯಿಂದ ಧಾರವಾಡಕ್ಕೆ ಹೊಸ ಇವಿ: ಗಾಡಿ ಕೈಗೆ ಬರುವ ಮುನ್ನವೇ ಆಗಬೇಕಾದ ಕೆಲಸ

ಪುಣೆಯ ಕನ್ನಡಿಗರ ಮನೆಗಳಲ್ಲಿ ಈಗ ಇದು ಮಾಮೂಲಿ. ದಸರೆಗೋ ಗುಡಿ ಪಾಡವಾಕ್ಕೋ ಎಲೆಕ್ಟ್ರಿಕ್ ಕಾರು ಬರುತ್ತದೆ. ಅದೇ ವಾರಾಂತ್ಯಕ್ಕೆ ಧಾರವಾಡಕ್ಕೆ ಬರುತ್ತೇವೆಂದು ಊರಿಗೆ ಫೋನ್ ಮೊದಲೇ ಹೋಗಿರುತ್ತದೆ. ಬುಕಿಂಗ್‌ಗೂ ಡೆಲಿವರಿಗೂ ನಡುವಿನ ವಾರಗಳೆಲ್ಲ ಬಣ್ಣ, ಸೀಟ್ ಕವರ್, ಮ್ಯಾಟ್‌ಗಳ ಚರ್ಚೆಯಲ್ಲೇ ಕಳೆಯುತ್ತವೆ. ಆಮೇಲೆ ಕರಾಡದ ಹತ್ತಿರ, ಹಿಂದಿನ ಸೀಟಿನಲ್ಲಿ ಹಸಿದ ಮಕ್ಕಳನ್ನು ಕೂರಿಸಿಕೊಂಡು, ಕೆಟ್ಟು ನಿಂತ ಚಾರ್ಜರ್ ಮುಂದೆ ಫೋನ್ ತಿರುವುತ್ತ ನಿಂತವರನ್ನು ಸಾಕಷ್ಟು ನೋಡಿದ್ದೇನೆ. ಗಾಡಿಯಲ್ಲಿ ದೋಷವಿರುವುದಿಲ್ಲ, ತಯಾರಿ ಆಗಿರುವುದಿಲ್ಲ.

1. ಮೊದಲು ಪಾರ್ಕಿಂಗ್‌ನ ಕರೆಂಟು

ಬುಕಿಂಗ್ ಹಣ ಕಟ್ಟಿದ ವಾರವೇ ಸೊಸೈಟಿಗೆ ಅರ್ಜಿ ಕೊಡಿ. ಸ್ವಂತ ಮೀಟರಿನಿಂದ ಲೈನ್ ಎಳೆಯಬಹುದು, ಇಲ್ಲವೇ ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದಿಂದ ಇವಿಗೆಂದೇ ಬೇರೆ ಮೀಟರ್ ಪಡೆಯಬಹುದು. ಮನೆಯಲ್ಲಿ ಈಗಿರುವ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಿಕೊಳ್ಳಲು ಕೇಂದ್ರ ಇಂಧನ ಸಚಿವಾಲಯದ 2024ರ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಸಮಿತಿಯವರು ತಕರಾರು ತೆಗೆದರೆ ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ.

7.2 ಕಿಲೋವಾಟ್‌ನ ಗೋಡೆ ಚಾರ್ಜರ್ 32 ಆಂಪಿಯರ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಅದಕ್ಕೆ ಕನಿಷ್ಠ 6 ಚದರ ಮಿಲಿಮೀಟರಿನ ತಾಮ್ರದ ವೈರು ಬೇಕು. ಮೀಟರ್ ಕೋಣೆಯಿಂದ ನಿಮ್ಮ ಪಾರ್ಕಿಂಗ್ ದೂರವಿದ್ದರೆ 10 ಚದರ ಮಿಲಿಮೀಟರಿನದ್ದೇ ಹಾಕಿಸಿ. ಪ್ರತ್ಯೇಕ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್) ಇರಲೇಬೇಕು.

ಅರ್ಥಿಂಗ್ ವಿಚಾರದಲ್ಲಿ ಎಲೆಕ್ಟ್ರಿಷಿಯನ್ ಮಾತನ್ನಷ್ಟೇ ನಂಬಬೇಡಿ, ನಿಮ್ಮ ಎದುರಿಗೇ ಅಳೆಸಿ. ಪುಣೆಯ ನೆಲದಡಿ ಇರುವುದು ಕಪ್ಪು ಬಸಾಲ್ಟ್ ಬಂಡೆ. ಬೇಸಿಗೆಯಲ್ಲಿ ಮೇಲಿನ ಮಣ್ಣು ಒಣಗಿತೆಂದರೆ ಹಳೆಯ ಕಟ್ಟಡಗಳ ಅರ್ಥಿಂಗ್ ಹೆಸರಿಗಷ್ಟೇ ಉಳಿಯುತ್ತದೆ. ಅದು ಸರಿಯಿಲ್ಲದಿದ್ದರೆ ಹೆಚ್ಚಿನ ಕಾರುಗಳು ಚಾರ್ಜ್ ತೆಗೆದುಕೊಳ್ಳುವುದೇ ಇಲ್ಲ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಬಂದರೆ ಚಿಂತೆಯಿಲ್ಲ, 5 ದಾಟಿದರೆ ಹೊಸ ಅರ್ಥ್ ಪಿಟ್ ತೋಡಿಸಿ. ಕೆಲವರು ಪ್ಲಗ್ಗಿನೊಳಗೆ ನ್ಯೂಟ್ರಲನ್ನೂ ಅರ್ಥನ್ನೂ ಒಂದು ತುಂಡು ವೈರಿನಿಂದ ಸೇರಿಸಿ "ಸಾಹೇಬ್, ಆಯ್ತು ನೋಡಿ" ಎನ್ನುತ್ತಾರೆ. ಕಾರು ಮೋಸಹೋಗಿ ಚಾರ್ಜ್ ಆಗುವುದೂ ನಿಜ. ಆದರೆ ಎಲ್ಲಿಯಾದರೂ ನ್ಯೂಟ್ರಲ್ ಕಡಿದರೆ ಇಡೀ ಕಾರಿನ ಲೋಹಕ್ಕೆ ಕರೆಂಟು ಬರುತ್ತದೆ, ಬಾಗಿಲು ಮುಟ್ಟಿದವರ ಜೀವಕ್ಕೇ ಅಪಾಯ. ಅಂಥ ಎಲೆಕ್ಟ್ರಿಷಿಯನ್‌ನನ್ನು ಆ ಕ್ಷಣವೇ ಕಳಿಸಿಬಿಡಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಎಕ್ಸ್‌ಟೆನ್ಶನ್ ಬೋರ್ಡ್‌ಗಳೂ ಬೇಡ. 15 ಆಂಪಿಯರ್ ಎಂದು ಬರೆದಿರುತ್ತದೆ, ಒಳಗಿನ ವೈರು ನೋಡಿದರೆ ಟೇಬಲ್ ಫ್ಯಾನಿಗೆ ಸಾಕಾಗುವಷ್ಟಿರುತ್ತದೆ.

2. ಗಾಡಿ ತಪಾಸಣೆ ನೋಂದಣಿಗೆ ಮುಂಚೆ

ಮುಹೂರ್ತದ ದಿನ ಶೋರೂಮ್‌ನಲ್ಲಿ ಜಾತ್ರೆಯ ಗದ್ದಲ. ಪೂಜೆ, ತೆಂಗಿನಕಾಯಿ, ಫೋಟೊಗಳ ನಡುವೆ ಏನನ್ನೂ ನೋಡಲಾಗುವುದಿಲ್ಲ. ಮೂರ್ನಾಲ್ಕು ದಿನ ಮುಂಚೆ, ಗಾಡಿ ನಿಮ್ಮ ಹೆಸರಿಗೆ ನೋಂದಣಿ ಆಗುವ ಮೊದಲು, ಹಗಲಿನಲ್ಲಿ ಹೋಗಿ ನೋಡಿ. ಚಾಸಿ ನಂಬರ್ ಬಿಲ್ಲಿಗೂ ವಿಮೆಗೂ ತಾಳೆಯಾಗಬೇಕು. ಟೈರಿನ ಮೇಲಿನ ಕೊನೆಯ ನಾಲ್ಕು ಅಂಕಿ 2325 ಎಂದಿದ್ದರೆ ಅದು 2025ರ 23ನೇ ವಾರದ್ದು. ಹೆಚ್ಚಿನವರು ಬಿಡುವುದು ಒಂದನ್ನೇ: ಎಸಿ (ಮನೆಯ ನಿಧಾನ ಚಾರ್ಜಿಂಗ್), ಡಿಸಿ (ಹೆದ್ದಾರಿಯ ವೇಗದ ಚಾರ್ಜಿಂಗ್) ಎರಡನ್ನೂ ಹಾಕಿಸಿ ನೋಡುವುದು. ಶೋರೂಮ್‌ನಲ್ಲಿ ಡಿಸಿ ಇಲ್ಲವೆಂದರೆ ಹತ್ತಿರದ ಚಾರ್ಜರಿಗೆ ಒಯ್ದು ಐದು ನಿಮಿಷ ಹಾಕಿ ತೋರಿಸಿ ಎಂದು ಪಟ್ಟು ಹಿಡಿಯಿರಿ. ಸ್ಟೆಪ್ನಿ ಇದೆಯೋ, ಪಂಕ್ಚರ್ ಕಿಟ್ ಮಾತ್ರವೋ ಎಂಬುದನ್ನೂ ಕೇಳಿಕೊಳ್ಳಿ. ಕಿಟ್ ಮಾತ್ರವಿದ್ದರೆ ಗಾಳಿ ತುಂಬುವ ಪಂಪ್ ಒಂದನ್ನು ಕೊಳ್ಳಿ. ಆಕ್ಸೆಸರಿ ಪಟ್ಟಿಯಲ್ಲಿ ಹಣ ಕೊಡಲು ಯೋಗ್ಯವಾದದ್ದು ನನ್ನ ಪ್ರಕಾರ ಅದೊಂದೇ.

3. ಮೊದಲ ಎರಡು ವಾರ ಊರಿನ ಮಾತು ಬೇಡ

ಈ ದಿನಗಳಲ್ಲಿ ಸಾತಾರಾಕ್ಕೋ ಲೋಣಾವಳಕ್ಕೋ ಹೋಗಿ ಬನ್ನಿ. ನಿಮ್ಮ ಕಾಲಿಗೆ, ನಿಮ್ಮ ವೇಗಕ್ಕೆ 100 ಕಿ.ಮೀ.ಗೆ ಎಷ್ಟು ಯೂನಿಟ್ (ಕಿಲೋವಾಟ್-ಅವರ್) ಖರ್ಚಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ನಿಲ್ಲುವುದು ಈ ಅಂಕಿಯ ಮೇಲೆ. (ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಎಲೆಕ್ಟ್ರಿಕ್ ಕಾರಿಗೆ ಮಹಾರಾಷ್ಟ್ರದ 2025ರ ಇವಿ ನೀತಿ ಟೋಲ್ ವಿನಾಯಿತಿ ಕೊಟ್ಟಿದೆ. ಊರಿನ ದಾರಿಯಲ್ಲಿ ಆ ಆಸೆ ಬೇಡ; ಖೇಡ್ ಶಿವಾಪುರ, ಆಣೇವಾಡಿ, ತಾಸವಡೆ, ಕಿಣಿ, ಕೊಗನೊಳ್ಳಿ ಎಲ್ಲಕ್ಕೂ ಫಾಸ್ಟ್ಯಾಗ್‌ನಲ್ಲಿ ಹಣವಿರಲಿ.)

4. ದಾರಿಯ ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ. ಬ್ರೋಷರಿನ ಕಿಲೋಮೀಟರ್ ಅಂಕಿಯನ್ನು ಮೊದಲು ಬದಿಗಿಡಿ. ಪುಣೆಯವರು ಬೆಳಗಿನ ವಾಯುವಿಹಾರಕ್ಕೆ ಹೋಗುವ ಗುಡ್ಡದ ಮಗ್ಗುಲಲ್ಲೇ 1966ರಲ್ಲಿ ಶುರುವಾದ ಎಆರ್‌ಎಐ ಎಂಬ ವಾಹನ ಪರೀಕ್ಷಾ ಸಂಸ್ಥೆ ಇದೆ. ಅಂಥ ಸಂಸ್ಥೆಗಳು ಪ್ರಮಾಣೀಕರಿಸುವ ಅಂಕಿ ಪ್ರಯೋಗಾಲಯದ ರೋಲರ್ ಮೇಲೆ ಸಿಕ್ಕದ್ದು. ಆ ಪರೀಕ್ಷೆಯಲ್ಲಿ ವೇಗ 90 ದಾಟುವುದೇ ಇಲ್ಲ, ಹೆಚ್ಚಿನ ಹೊತ್ತು ಅದಕ್ಕಿಂತ ಬಹಳ ಕಡಿಮೆ. ಬೇರೆ ಬೇರೆ ಗಾಡಿಗಳನ್ನು ಹೋಲಿಸಲು ಅದು ಒಳ್ಳೆಯ ಅಳತೆ, ಕೊಲ್ಹಾಪುರ ಮುಟ್ಟಲು ಅಲ್ಲ.

45 ಯೂನಿಟ್‌ನ ಬ್ಯಾಟರಿ ಎಂದಿಟ್ಟುಕೊಳ್ಳೋಣ. ಗಂಟೆಗೆ 90ರ ವೇಗದಲ್ಲಿ 100 ಕಿ.ಮೀ.ಗೆ ಸುಮಾರು 15 ಯೂನಿಟ್ ಬೇಕು. ಶೇ 100ರಿಂದ ಶೇ 20ರವರೆಗೆ ಬಳಸಿದರೆ 36 ಯೂನಿಟ್, ಅಂದರೆ 240 ಕಿ.ಮೀ. ಅದೇ ಗಾಡಿಯನ್ನು 110ರಲ್ಲಿ ಓಡಿಸಿ 19 ಯೂನಿಟ್ ಸುಟ್ಟರೆ 190ಕ್ಕೇ ಮುಗಿಯಿತು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಆ ತಡೆ ಒಂದೂವರೆ ಪಟ್ಟು ದಾಟುತ್ತದೆ. ನನ್ನ ಸಲಹೆ 90, ಅದರ ಮೇಲೆ ಬೇಡ. ವೇಗದಲ್ಲಿ ಗಳಿಸಿದ ಹತ್ತು ನಿಮಿಷವನ್ನು ಚಾರ್ಜರ್ ಮುಂದೆ ಅರ್ಧ ಗಂಟೆಯಾಗಿ ಕಟ್ಟಬೇಕಾಗುತ್ತದೆ.

ಘಾಟಿಗೆ ಹೆದರಬೇಡಿ. ಮಂದಿ, ಸಾಮಾನು ಸೇರಿ 1,900 ಕೆ.ಜಿ. ತೂಗುವ ಗಾಡಿ 100 ಮೀಟರ್ ಎತ್ತರ ಏರಲು ಹೆಚ್ಚುವರಿಯಾಗಿ ಬೇಕಾಗುವುದು ಅರ್ಧ ಯೂನಿಟ್‌ನ ಆಸುಪಾಸು. ಪುಣೆಯಿಂದ ಹೋಗುವಾಗ ಖಂಬಾಟಕಿ ಘಾಟ್ ಏರಬೇಕು, ನಿಪ್ಪಾಣಿ ದಾಟಿದ ಮೇಲೆ ತವಂದಿ ಘಾಟ್. ಇಳಿಯುವಾಗ ರೀಜೆನ್ (ವೇಗ ತಗ್ಗಿಸುವಾಗಿನ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವ ವ್ಯವಸ್ಥೆ) ಒಂದು ಪಾಲನ್ನು ವಾಪಸು ಕೊಡುತ್ತದೆ.

ಈಗ ನಿಲುಗಡೆಗಳು. ಪುಣೆಯಿಂದ ಸಾತಾರಾ ಸುಮಾರು 110 ಕಿ.ಮೀ., ಕರಾಡ 160, ಕೊಲ್ಹಾಪುರ 230, ಬೆಳಗಾವಿ 340, ಧಾರವಾಡ 420. "ಕೊಲ್ಹಾಪುರಕ್ಕೆ ಒಂದೇ ಉಸಿರಿಗೆ ಹೋಗಬಹುದಲ್ಲ" ಎಂದು ಎಲ್ಲರಿಗೂ ಅನ್ನಿಸುತ್ತದೆ, ಲೆಕ್ಕವೂ ಹಾಗೇ ಹೇಳುತ್ತದೆ. ಆದರೆ ಅಲ್ಲಿ ತಲುಪಿದಾಗ ಕೈಯಲ್ಲಿ ಉಳಿಯುವುದು ಶೇ 20ರ ಆಸುಪಾಸು. ಹೆದ್ದಾರಿ ಕಾಮಗಾರಿಯ ಡೈವರ್ಶನ್, ಮಳೆ, ಎದುರುಗಾಳಿ ಸೇರಿದರೆ ಅದೂ ಇಲ್ಲ. ನಾನು ಗಟ್ಟಿಯಾಗಿ ಹೇಳುವುದಿಷ್ಟು: ಕರಾಡದಲ್ಲಿ ತಿಂಡಿಗೆ ನಿಲ್ಲಿ, ಬೆಳಗಾವಿಯಲ್ಲಿ ಊಟಕ್ಕೆ ನಿಲ್ಲಿ, ಕರಾಡದಲ್ಲಿ ಶೇ 90ಕ್ಕೆ (ಮುಂದೆ ಬೆಳಗಾವಿಯವರೆಗೆ 180 ಕಿ.ಮೀ. ಇದೆ), ಬೆಳಗಾವಿಯಲ್ಲಿ ಶೇ 80ಕ್ಕೆ ಬಿಡಿಸಿ ಹೊರಡಿ. 80ರ ಮೇಲೆ ಬ್ಯಾಟರಿ ತಾನೇ ಕರೆಂಟು ತಗ್ಗಿಸಿಕೊಳ್ಳುತ್ತದೆ; ಶೇ 100 ಆಗಲೆಂದು ಕಾದು ಕೂತರೆ ನಿಮ್ಮ ಸಮಯವೂ ಹೋಯಿತು, ಹಿಂದೆ ನಿಂತವರದ್ದೂ.

ಚಾರ್ಜರ್ ಆಯ್ಕೆ ಮಾಡುವಾಗ ಆ್ಯಪ್‌ನಲ್ಲಿ ಕಾಣುವ ಹಸಿರು ಬಣ್ಣವನ್ನು ನೆಚ್ಚಬೇಡಿ. ಪ್ಲಗ್‌ಶೇರ್‌ನಂಥ ಆ್ಯಪ್‌ನಲ್ಲಿ ಅಲ್ಲಿ ಕೊನೆಯದಾಗಿ ಯಾರಿಗೆ, ಯಾವಾಗ ಚಾರ್ಜ್ ಆಯಿತು ಎಂದು ಓದಿ. ಹೊರಡುವ ಹಿಂದಿನ ಸಂಜೆ ಆ ಹೋಟೆಲಿಗೋ ಪಂಪಿಗೋ ಫೋನ್ ಮಾಡಿ "ಇವತ್ತು ಯಾರಾದರೂ ಚಾರ್ಜ್ ಮಾಡಿಕೊಂಡರಾ?" ಎಂದೇ ಕೇಳಿ. "ಚಾಲೂ ಇದೆಯಾ?" ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ.

ಚಾರ್ಜರ್ ಹೆದ್ದಾರಿಯ ಯಾವ ಬದಿಗಿದೆ ಎಂಬುದೂ ಮುಖ್ಯ. ಆಚೆ ಬದಿಯದ್ದಾದರೆ ಮುಂದೆ ಹೋಗಿ ಅಂಡರ್‌ಪಾಸಿನಲ್ಲಿ ತಿರುಗಿ ಬಂದು, ಮತ್ತೆ ಹಾಗೇ ಮರಳಬೇಕು. 60 ಕಿಲೋವಾಟ್ ಎಂದು ಬರೆದ ಯಂತ್ರಕ್ಕೆ ಎರಡು ಗನ್ (ಕಾರಿಗೆ ಹಾಕುವ ಚಾರ್ಜಿಂಗ್ ಪ್ಲಗ್) ಇದ್ದರೆ, ಪಕ್ಕದಲ್ಲಿ ಇನ್ನೊಂದು ಗಾಡಿ ಬಂದು ನಿಂತಾಗ ನಿಮಗೆ 30 ಮಾತ್ರ ಸಿಗಬಹುದು. ಆಗ ಶೇ 20ರಿಂದ 80ಕ್ಕೆ, ಅಂದರೆ 27 ಯೂನಿಟ್‌ಗೆ, ಹತ್ತಿರ ಹತ್ತಿರ ಒಂದು ಗಂಟೆ. ಪ್ರತಿ ನಿಲುಗಡೆಗೂ ಬೇರೆ ಕಂಪನಿಯ ಇನ್ನೊಂದು ಚಾರ್ಜರ್ 25 ಕಿ.ಮೀ. ಒಳಗೆ ಇರಲೇಬೇಕು, ಮೊದಲನೆಯದನ್ನು ಮುಟ್ಟುವಾಗ ಶೇ 25 ಉಳಿದಿರಬೇಕು. ಎರಡನೆಯದು ಇಲ್ಲದ ಜಾಗವನ್ನು ನಿಲುಗಡೆ ಎಂದು ಎಣಿಸಬೇಡಿ. ಹೋಟೆಲಿನ ಅಂಗಳದ ಚಾರ್ಜರ್ ಸಿಕ್ಕರೆ ಅದನ್ನೇ ಆರಿಸಿ. ಕೇಳಲು ಮನುಷ್ಯರಿರುತ್ತಾರೆ, ಶೌಚಾಲಯವಿರುತ್ತದೆ.

ನಾಲ್ಕೈದು ಕಂಪನಿಗಳ ಆ್ಯಪ್‌ಗಳನ್ನು ಮನೆಯ ವೈಫೈನಲ್ಲೇ ಹಾಕಿಕೊಂಡು, ಒಟಿಪಿ ಮುಗಿಸಿ, ಒಂದೊಂದಕ್ಕೂ ಮುನ್ನೂರೋ ಐನೂರೋ ರೂಪಾಯಿ ತುಂಬಿಡಿ. ಘಾಟಿಯ ಮಗ್ಗುಲಿನ ಪಂಪಿನಲ್ಲಿ ನೆಟ್‌ವರ್ಕ್ ಇಲ್ಲದೆ ಒಟಿಪಿ ಬಾರದಿದ್ದರೆ ಇದ್ದ ಹಣವೂ ಕೆಲಸಕ್ಕೆ ಬರುವುದಿಲ್ಲ. ಜೊತೆಗಿದ್ದವರ ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ಇದ್ದರೆ ಅದಕ್ಕೂ ಇದೇ ಆ್ಯಪ್‌ಗಳನ್ನು ಹಾಕಿಡಿ.

5. ಚಾರ್ಜ್ ಶುರುವಾಗದಿದ್ದರೆ

ಹತ್ತರಲ್ಲಿ ಹಲವು ಸಲ ಗನ್ ಸರಿಯಾಗಿ ಕೂತಿರುವುದಿಲ್ಲ. ಕೇಬಲ್ ಭಾರಕ್ಕೆ ಅದು ಕೆಳಗೆ ಜಗ್ಗುತ್ತದೆ. ಆ್ಯಪ್‌ನಲ್ಲಿ ನಿಲ್ಲಿಸಿ, ಗನ್ ಹೊರತೆಗೆದು, ಗಾಡಿ ಲಾಕ್ ಮಾಡಿ ಒಂದು ನಿಮಿಷ ಬಿಡಿ. ಮತ್ತೆ ಹಾಕಿ, ಯಂತ್ರ ಲಾಕ್ ಹಿಡಿಯುವವರೆಗೆ ಗನ್ನನ್ನು ಕೈಯಿಂದ ಮೇಲಕ್ಕೆ ಒತ್ತಿ ಹಿಡಿಯಿರಿ. ಎರಡು ಸಲಕ್ಕೂ ಆಗದಿದ್ದರೆ ಸಹಾಯವಾಣಿಗೆ ಅರ್ಧ ಗಂಟೆ ಕೊಡಬೇಡಿ, ಎರಡನೆಯ ಚಾರ್ಜರಿಗೆ ಹೊರಡಿ. ಶೇ 25 ಉಳಿಸಿಕೊಂಡದ್ದು ಇದಕ್ಕೇ. ಮಳೆಯಲ್ಲಿ ಚಾರ್ಜ್ ಮಾಡಬಹುದು, ಗನ್ ಅದಕ್ಕೆಂದೇ ಮಾಡಿದ್ದು. ನೆಲದ ನೀರಿನಲ್ಲಿ ಬಿದ್ದಿದ್ದ ಗನ್ನನ್ನು ಮಾತ್ರ ಹಾಕಬೇಡಿ.

6. ಊರಿನ ಮನೆಯಲ್ಲಿ

ಧಾರವಾಡದ ಹಳೆಯ ಮನೆಯ ವೈರಿಂಗ್ ಗಾಡಿಗೆಂದು ಮಾಡಿದ್ದಲ್ಲ. ನೀವು ಹೊರಡುವ ಮೊದಲೇ ತಮ್ಮನಿಗೋ ಕಾಕಾನಿಗೋ ಹೇಳಿ, ಮುಖ್ಯ ಬೋರ್ಡಿನಿಂದ ನೇರವಾಗಿ ಒಂದು 15 ಆಂಪಿಯರ್ ಪಾಯಿಂಟ್ ಎಳೆಸಿ ಅರ್ಥಿಂಗ್ ಅಳೆಸಿ. ಮಿಕ್ಸರ್ ಪಾಯಿಂಟಿನಿಂದ ಕಿಟಕಿಯ ಮೂಲಕ ವೈರು ಬಿಡುವುದು ಬೇಡ. ಪೋರ್ಟಬಲ್ ಚಾರ್ಜರಿನ ಅಥವಾ ಗಾಡಿಯ ಸೆಟ್ಟಿಂಗ್‌ನಲ್ಲಿ ಕರೆಂಟನ್ನು 10 ಆಂಪಿಯರಿಗೆ ಇಳಿಸಿ, ಹಾಕಿದ ಅರ್ಧ ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಕೂಡಲೇ ಸ್ವಿಚ್ ಆಫ್ ಮಾಡಿ. ರಾತ್ರಿ 10ಕ್ಕೆ ಹಾಕಿದರೆ ಬೆಳಿಗ್ಗೆ 8ಕ್ಕೆ ಸುಮಾರು 20 ಯೂನಿಟ್ ಸೇರಿರುತ್ತದೆ. ಎರಡು ರಾತ್ರಿ ಉಳಿದರೆ ವಾಪಸು ಹೊರಡುವಾಗ ಬ್ಯಾಟರಿ ತುಂಬಿರುತ್ತದೆ, ಬೆಳಗಾವಿಯಲ್ಲಿ ನಿಲ್ಲದೆ ಕೊಲ್ಹಾಪುರ ಮುಟ್ಟಬಹುದು.