ಪ್ಯಾಂಟಿನ ಸೈಜು 34, ಹೊಟ್ಟೆಯ ಸುತ್ತಳತೆ 39

ಬಳ್ಳಾರಿಯಲ್ಲಿ ನನ್ನದು ಜೀನ್ಸ್ ಹೊಲಿಯುವ ಸಣ್ಣ ಅಂಗಡಿ. ಇಪ್ಪತ್ತು ವರ್ಷದಿಂದ ಟೇಪು ಕೊರಳಲ್ಲೇ ಇದೆ. ಆದರೆ ನನ್ನ ಅಳತೆ ನಾನೇ ತೆಗೆದುಕೊಂಡಿರಲಿಲ್ಲ.

ಹೋದ ವರ್ಷ ಡಾಕ್ಟರು ಎತ್ತರ ಕೇಳಿದರು. 'ಐದಡಿ ಎಂಟಿಂಚು' ಅಂದೆ, ಮೊದಲಿಂದ ಹಾಗೇ ಹೇಳುತ್ತಾ ಬಂದವನು. ತೂಕ 78 ಕಿಲೋ. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಂಕಿ, ಅಂದರೆ ಬಿಎಂಐ, 26 ಬಂತು. ಮನೆಗೆ ಬಂದು ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಹಚ್ಚಿ ನಿಂತೆ. ಮಗ ತಲೆ ಮೇಲೆ ಪುಸ್ತಕ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದ. ಅಳೆದರೆ ಬರೀ 168 ಸೆಂಟಿಮೀಟರ್!

ಲೆಕ್ಕ ಸುಲಭ. ಎತ್ತರವನ್ನು ಮೀಟರಿನಲ್ಲಿ ಬರೆದು ಅದರಿಂದಲೇ ಗುಣಿಸಬೇಕು: 1.68 × 1.68 = 2.82. ತೂಕವನ್ನು ಅದರಿಂದ ಭಾಗಿಸಿದರೆ 27.6. ಎರಡಿಂಚು ತಪ್ಪಿದ್ದಕ್ಕೆ ಒಂದೂವರೆ ಅಂಕಿ ವ್ಯತ್ಯಾಸ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 18.5ರಿಂದ 25ರೊಳಗೆ ಸರಿಯಾದ ತೂಕ. ನಮ್ಮ ದೇಶದವರಿಗೆ ಮಾತ್ರ 23 ದಾಟಿದರೆ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಡಾಕ್ಟರು ಹಿಡಿಯುತ್ತಾರೆ. ಅಷ್ಟೇ ತೂಕದಲ್ಲೂ ನಮ್ಮವರ ಹೊಟ್ಟೆಯಲ್ಲಿ ಕೊಬ್ಬು ಹೆಚ್ಚು, ಸಕ್ಕರೆ ಕಾಯಿಲೆ ಬೇಗ ಬರುತ್ತದೆ.

ಹಾಗಂತ ಈ ಅಂಕಿ ಒಂದನ್ನೇ ನಂಬಬೇಡಿ. ನಮ್ಮ ಭಾವ ಎಪಿಎಂಸಿಯಲ್ಲಿ ಹಮಾಲಿ, ದಿನವಿಡೀ ಮೂಟೆ ಹೊರುತ್ತಾನೆ. ಬಿಎಂಐ 26, ಹೊಟ್ಟೆ 33 ಇಂಚು. ಅದು ಕಸುವಿನ ತೂಕ. ಚಿಕ್ಕಪ್ಪನ ಮಗ ಕೂತು ಕೆಲಸ ಮಾಡುವವನು, ನೋಡೋಕೆ ಸಣ್ಣ. ಬಿಎಂಐ 22, ಹೊಟ್ಟೆ 37. ಅವನಿಗೇ ಸಕ್ಕರೆ ಕಾಯಿಲೆ ಬಂದಿದೆ. ತಕ್ಕಡಿಗೆ ಕಸುವು ಯಾವುದು, ಕೊಬ್ಬು ಯಾವುದು ಅಂತ ಗೊತ್ತಾಗಲ್ಲ, ಅಲ್ವಾ?

ಇಲ್ಲಿ ನಮ್ಮ ಟೇಪು ಬೇಕು. ಪ್ಯಾಂಟಿನ ಸೈಜು ನೋಡಿ ಸಮಾಧಾನ ಪಡಬೇಡಿ. ಹೊಟ್ಟೆ ಬೆಳೆದಂತೆ ಗಂಡಸರು ಪ್ಯಾಂಟನ್ನು ಕೆಳಗೆ ಇಳಿಸುತ್ತಾರೆ, ಸೈಜು ಹಾಗೇ ಉಳಿಯುತ್ತದೆ. ನಾನು 34 ಹಾಕುತ್ತಿದ್ದೆ, ಹೊಟ್ಟೆ 39 ಇತ್ತು. ಅಂಗಿ ಎತ್ತಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಟೇಪು ಸುತ್ತಿ. ಬಿಗಿ ಬೇಡ. ಉಸಿರು ಬಿಟ್ಟ ಮೇಲೆ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು, ದಾಟಬಾರದು.

ರಾತ್ರಿ ಅನ್ನ ಕಡಿಮೆ ಮಾಡಿದೆ, ಸಂಜೆಯ ಮಿರ್ಚಿ ವಾರಕ್ಕೊಮ್ಮೆ, ಬೆಳಿಗ್ಗೆ ಒಂದು ತಾಸು ನಡಿಗೆ. ಈಗ ತೂಕ 72, ಹೊಟ್ಟೆ 36. ಇನ್ನೂ ಅರ್ಧ ಇಂಚು ಇಳಿಯಬೇಕು. ಅಂಗಡಿಗೆ ಬಂದವರು 'ಅಣ್ಣಾ, ನಂದು ಮೂವತ್ನಾಲ್ಕೇ' ಅಂದರೆ, ಪ್ಯಾಂಟಿನ ಅಳತೆ ತೆಗೆದ ಮೇಲೆ ಟೇಪನ್ನು ನಾಲ್ಕು ಬೆರಳು ಮೇಲೆ ಸರಿಸಿ ಆ ಅಂಕಿಯನ್ನೂ ಚೀಟಿಯಲ್ಲಿ ಬರೆದುಕೊಡುತ್ತೇನೆ.